ಅಪ್ಪನಿಗೆ ಮನೋರೋಗವಿರುವ ಮನೆಯ ಮಕ್ಕಳು

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ (ಯಾರೂ ಇಲ್ಲದಾಗಲೂ ದನಿಗಳು ಕೇಳಿಸುವಂಥ ತೀವ್ರ ಮನೋರೋಗ) ಇದ್ದು, ಚಿಕಿತ್ಸೆ ನಡೆಯುತ್ತಿದೆ. ಆರನೇ ತರಗತಿಯಲ್ಲಿ ಓದುವ ಅವನ ಮಗಳು ರಾತ್ರಿ ಊಟವಾದ ಮೇಲೆ ಮಾತ್ರೆಯ ಸ್ಟ್ರಿಪ್ ತೆಗೆದು, ಅಪ್ಪ ಅಂದಿನ ಮಾತ್ರೆ ನುಂಗಿದ್ದಾನೆಯೇ ಎಂದು ಎಣಿಸಿ ನೋಡಿಯೇ ಮಲಗುತ್ತಾಳೆ. ಮೊನ್ನೆ ನನ್ನನ್ನು, “ದೊಡ್ಡಪ್ಪಾ, ಬೇರೆ ಯಾರ ಮನೆಯಲ್ಲಾದರೂ ಅಪ್ಪ ಹೀಗಿರ್ತಾರಾ?” ಎಂದು ಕೇಳಿದಳು. ಇಂಥ ಮಕ್ಕಳು ಎಷ್ಟು ಮಂದಿ ಇರಬಹುದು? ಈ ಕಾಯಿಲೆ ಅವಳಿಗೂ ಬರುತ್ತದೆಯೇ?

ಉತ್ತರ: ನಮಸ್ಕಾರ. ಮಾನಸಿಕ ಕಾಯಿಲೆಯಿರುವ ಅಪ್ಪ ಅಮ್ಮ ಬಹಳ ಮನೆಗಳಲ್ಲಿ ಇದ್ದಾರೆ ಎಂದು ಅವಳಿಗೆ ಧೈರ್ಯವಾಗಿ ಹೇಳಿ. ಬ್ರಿಟನ್ನಿನಲ್ಲಿ 2005ರಿಂದ 2017ರವರೆಗಿನ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದಾಗ, ಹದಿನಾರರೊಳಗಿನ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ತಾಯಿಗೆ ಖಿನ್ನತೆ, ಆತಂಕ ಅಥವಾ ಇನ್ನಾವುದಾದರೂ ಮಾನಸಿಕ ಕಾಯಿಲೆ ಇದ್ದದ್ದು ಕಂಡುಬಂತು. ಆಸ್ಟ್ರೇಲಿಯಾದಲ್ಲಿ ತಂದೆ ತಾಯಿ ಇಬ್ಬರನ್ನೂ ಲೆಕ್ಕಕ್ಕೆ ಹಿಡಿದ ಅಂದಾಜು ಕೂಡ ಹೆಚ್ಚುಕಡಿಮೆ ಇಷ್ಟೇ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆಗ ಮಾನಸಿಕ ಕಾಯಿಲೆಯಿತ್ತು. ಅವರಲ್ಲಿ ಅನೇಕರು ಮಕ್ಕಳನ್ನು ಸಾಕುವ ವಯಸ್ಸಿನವರೇ. ಸ್ಕಿಜೋಫ್ರೇನಿಯಾ ಮಾತ್ರ ಇದಕ್ಕಿಂತ ಬಹಳ ವಿರಳ. ಆದ್ದರಿಂದ ಅವಳ ತರಗತಿಯಲ್ಲಿ ಇದೇ ಕಾಯಿಲೆಯ ಅಪ್ಪ ಇನ್ನೊಬ್ಬರಿಗೆ ಇಲ್ಲದಿರಬಹುದು. ಆದರೆ ಖಿನ್ನತೆಯಿಂದ ಬಳಲುವ ಅಮ್ಮನೋ ಅಪ್ಪನೋ ಇರುವ ಮಗು ಇರುವ ಸಂಭವ ಹೆಚ್ಚು.

ಇನ್ನು ಆನುವಂಶಿಕತೆಯ ಮಾತು. ತಂದೆ ತಾಯಿಯರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಸಾಮಾನ್ಯ ಜನರಿಗಿಂತ ಇದು ಹೆಚ್ಚು, ನಿಜ. ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ನನಗೆ ನೋವಾಗುವ ಸಂಗತಿಯೊಂದಿದೆ. ರೋಗಿಯ ನಿದ್ದೆ, ಊಟ, ಕೆಲಸ ಎಲ್ಲವನ್ನೂ ವಿಚಾರಿಸುವ ನಾವು, ಮನೆಯಲ್ಲಿರುವ ಮಗುವಿಗೆ ಈ ಕಾಯಿಲೆಯ ಬಗ್ಗೆ ಯಾರು ಏನು ಹೇಳಿದ್ದಾರೆ ಎಂದು ಕೇಳುವುದು ಅಪರೂಪ. ನಾರ್ವೆಯಲ್ಲಿ 2010ರಿಂದ ರೋಗಿಯ ಮಕ್ಕಳ ಅಗತ್ಯಗಳನ್ನು ಗಮನಿಸುವುದು ಆಸ್ಪತ್ರೆಯ ಸಿಬ್ಬಂದಿಗೆ ಕಾನೂನಿನ ಕರ್ತವ್ಯವಾಗಿದೆ. ನಮ್ಮಲ್ಲೂ ಅದು ಆಗಲೇಬೇಕು.

ಮರುಪ್ರಶ್ನೆ: ಎಲ್ಲವನ್ನೂ ಹೇಳಿದರೆ ಮಗು ಹೆದರುವುದಿಲ್ಲವೇ?

ಉತ್ತರ: ಮಾತ್ರೆ ಎಣಿಸುತ್ತಿರುವ ಮಗು ಆಗಲೇ ಹೆದರಿದೆ. ತಾನು ಹಟ ಮಾಡಿದ್ದಕ್ಕೇ ಅಪ್ಪನಿಗೆ ಹೀಗಾಯಿತು ಎಂದು ನಂಬಿಕೊಂಡು, ಅದನ್ನು ಯಾರಿಗೂ ಹೇಳದೆ ಇರುವ ಮಕ್ಕಳು ಬೇಕಾದಷ್ಟಿದ್ದಾರೆ. ಕಾಯಿಲೆಯ ಹೆಸರನ್ನು ಹೇಳಿ. ಇದು ಅವಳಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದಿಲ್ಲ, ಅಪ್ಪನಿಗೆ ಕೇಳಿಸುವ ದನಿಗಳು ಕಾಯಿಲೆಯ ಲಕ್ಷಣ ಎಂದು ಅವಳಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ. ಮಾತ್ರೆ ಕೊಡುವ ಹೊಣೆಯನ್ನು ಇವತ್ತೇ ದೊಡ್ಡವರು ವಹಿಸಿಕೊಂಡು, ಅದನ್ನು ಅವಳೆದುರೇ ಹೇಳಿ. ತಮ್ಮನ ಒಪ್ಪಿಗೆ ಪಡೆದು ಕ್ಲಾಸ್ ಟೀಚರಿಗೂ ತಿಳಿಸಿಡಿ. ಅವಳಿಗೆ ನಿದ್ದೆ ಬಾರದೆ, ಶಾಲೆಗೆ ಹೋಗಲು ಮನಸ್ಸಿಲ್ಲದಂತಾದರೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.