ರೀಪಾಟಿಂಗ್‌ಗೆ ಕನ್ನಡ ಪದ ಬೇಕು (ತುರ್ತು, ಫಲಕಕ್ಕೆ)

ಶಿವಮೊಗ್ಗದಿಂದ:
ನರ್ಸರಿಯೊಂದರ ಫಲಕ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಕೊಡಬೇಕು. ಯೂಫೋರ್ಬಿಯಾ ಮಿಲಿ ಎಂಬ ಮುಳ್ಳಿನ ಹೂಗಿಡದ ರೀಪಾಟಿಂಗ್, ಅಂದರೆ ಒಂದು ಕುಂಡದಿಂದ ತೆಗೆದು ಇನ್ನೊಂದಕ್ಕೆ ಹಾಕುವುದರ ಬಗ್ಗೆ. ಸದ್ಯ "ಮುಳ್ಳು ಪಾಪಾಸುಕಳ್ಳಿಯ ಮರುಕುಂಡನ" ಎಂದಿದೆ. ನಡೆಯುತ್ತದೆಯೆ?

ಸಾಗರದಿಂದ:
ನಡೆಯುವುದಿಲ್ಲ. "ಕುಂಡನ" ಎಂಬ ಕ್ರಿಯಾನಾಮ ಎಲ್ಲಿದೆ? ಮೇಲಾಗಿ ಮರು + ಕುಂಡ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಜೋಡಣೆ. ನಮ್ಮ ಕಡೆ ಚಟ್ಟಿ ಎಂಬ ಅಚ್ಚ ದ್ರಾವಿಡ ಪದ ಇರುವಾಗ ಸಂಸ್ಕೃತದ ಕುಂಡ ಯಾಕೆ? "ಚಟ್ಟಿ ಬದಲಿಸುವುದು" ಅನ್ನಿ, ಮುಗಿಯಿತು.

ಹೊಸನಗರದಿಂದ:
ಮರುಮುದ್ರಣ, ಮರುಜನ್ಮ ಎಂದು ದಿನಾ ಬರೆಯುವವರು ಅರಿಸಮಾಸದ ಮಾತು ಆಡಬಾರದು. ಇನ್ನು "ಬದಲು" ಅರಬ್ಬಿಯಿಂದ ಬಂದದ್ದು. ಕುಂಡವನ್ನು ಹೊರಗೆ ಹಾಕಿ ಬದಲನ್ನು ಒಳಗೆ ಬಿಟ್ಟುಕೊಳ್ಳುವುದು ಯಾವ ತತ್ವ?

ಪಾಪಾಸುಕಳ್ಳಿಯೂ ಹಾಗೆಯೇ. ಪಾಪಾಸು ಎಂದರೆ ಮೆಟ್ಟು, ಫಾರಸಿಯ ಪಾಪೋಶ್. ಆ ಕಳ್ಳಿಯ ಚಪ್ಪಟೆ ತುಂಡು ಮೆಟ್ಟಿನಂತೆ ಕಾಣುತ್ತದೆ. ತಮಿಳಿನಲ್ಲಿ ಅದೇ ಗಿಡ ಸಪ್ಪಾತ್ತುಕ್ಕಳ್ಳಿ, ಸಪ್ಪಾತ್ತು ಪೋರ್ಚುಗೀಸರ ಬೂಟು. ಗಿಡ ಅಮೆರಿಕದಿಂದ ಬಂತು, ಎರಡೂ ಭಾಷೆಗಳು ಬೇರೆ ಬೇರೆ ಕಡೆಯಿಂದ ಚಪ್ಪಲಿ ತಂದು ತಮ್ಮ ಕಳ್ಳಿಗೆ ಜೋಡಿಸಿದವು. ಎರವಲು ಹೀಗೆ ಬದುಕುತ್ತದೆ.

ಸಾಗರದಿಂದ:
ಕಳ್ಳಿ ಮಾತ್ರ ನಮ್ಮದೇ. ಕಳ್ಳು ಸುರಿಸುವುದರಿಂದ ಕಳ್ಳಿ.

ಹೊಸನಗರದಿಂದ:
ಉಚ್ಚಾರ ಹತ್ತಿರ ಇದ್ದಮಾತ್ರಕ್ಕೆ ವ್ಯುತ್ಪತ್ತಿ ಆಗುವುದಿಲ್ಲ. ಆಧಾರ ಕೊಡಿ.

ತೀರ್ಥಹಳ್ಳಿಯಿಂದ:
ಮಾರಾಯ್ರೆ, ಫಲಕ ಓದುವವರು ಗಿಡ ಉಳಿಸಿಕೊಳ್ಳಬೇಕು. ಮೊದಲು ಹೆಸರು. ಮಿಲಿ ಪಾಪಾಸುಕಳ್ಳಿ ಅಲ್ಲವೇ ಅಲ್ಲ. ಅದು ಮಡಗಾಸ್ಕರಿನ ಗಿಡ, ಗೀರಿದರೆ ಬಿಳಿ ಹಾಲು, ನಮ್ಮ ಎಲೆಗಳ್ಳಿ, ಚದುರಗಳ್ಳಿಗಳ ಕುಲ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ. ಎಲೆಗಳ್ಳಿಯ ಹಾಗೆಯೇ ಗಕಾರಾದೇಶ ಮಾಡಿ (ಕಳ್ಳಿಯ ಕ ಇದ್ದಲ್ಲಿ ಗ ತಂದು) "ಹೂಗಳ್ಳಿ" ಅನ್ನಿ.

"ಚಟ್ಟಿ ಬದಲಿಸುವುದು" ಎಂದರೆ ಜನ ಹಳೇ ಮಣ್ಣಿನ ಗಡ್ಡೆ ಸಮೇತ ಎತ್ತಿಡುತ್ತಾರೆ. ಇಲ್ಲಿ ಆಗಬೇಕಾದ್ದು ಬೇರೆ. ಒಂದು ವಾರ ನೀರು ನಿಲ್ಲಿಸಿ. ಅಡಿಕೆ ಹಾಳೆಯನ್ನು ನೆನೆಸಿ ನಾಲ್ಕು ಬೆರಳಗಲದ ಪಟ್ಟಿ ಸೀಳಿ, ಕಾಂಡಕ್ಕೆ ಸುತ್ತಿ ಎರಡು ತುದಿ ಹಿಡಿದು ಎತ್ತಿ; ಕಾಗದವಾದರೆ ಮುಳ್ಳು ತೂರುತ್ತದೆ. ಮಣ್ಣು ಕೊಡವಿ, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ. ಕತ್ತರಿಸಿದ ಬಾಯಿ ಒಣಗಲು ಎರಡು ಮೂರು ದಿನ ನೆರಳಲ್ಲಿಡಿ. ಆಮೇಲೆ ದಪ್ಪ ಮರಳು 2 ಪಾಲು, ಕೆಂಪು ಮಣ್ಣು 1, ಹಳೇ ಸಗಣಿಗೊಬ್ಬರ 1. ಗದ್ದೆ ಮಣ್ಣು ಬೇಡ, ಗಟ್ಟಿಯಾಗಿ ನೀರು ಹಿಡಿಯುತ್ತದೆ. ತೂತಿನ ಮೇಲೆ ಒಂದು ಬೋಕಿ (ಒಡೆದ ಮಡಕೆಯ ಚೂರು) ಸಾಕು. ಹೊಸ ಚಟ್ಟಿ ಹಳೆಯದಕ್ಕಿಂತ 2 ಇಂಚಿಗಿಂತ ಹೆಚ್ಚು ಅಗಲ ಆಗಬಾರದು. ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿದು ಬುಡ ಕೊಳೆಯುತ್ತದೆ. ಮೊದಲ ನೀರು ವಾರದ ನಂತರ. ಕಾಲ ಫೆಬ್ರವರಿ–ಮಾರ್ಚ್. ನಮ್ಮ ಮಳೆಗಾಲದಲ್ಲಿ ಬೇರಿಗೆ ಕತ್ತರಿ ಹಾಕಿದರೆ ಗಾಯ ಒಣಗುವುದೇ ಇಲ್ಲ.

ಇಷ್ಟಕ್ಕೂ ಸಲ್ಲುವ ಕ್ರಿಯಾಪದ "ನೆಡು".

ಸಾಗರದಿಂದ:
ಸರಿ, "ಬೇರೆ ಚಟ್ಟಿಗೆ ನೆಡುವುದು". ಬದಲು ಬಿಟ್ಟೆ. ಕುಂಡ ಮಾತ್ರ ಒಪ್ಪುವುದಿಲ್ಲ.

ಹೊಸನಗರದಿಂದ:
ಭದ್ರಾವತಿಯಿಂದ ಆಚೆಯವರು ಚಟ್ಟಿ ಎಂದರೆ ಅಡುಗೆಯದ್ದು ಅಂದುಕೊಂಡಾರು. ಶಿವಮೊಗ್ಗ ಪೇಟೆಗೆ ಎಲ್ಲ ಕಡೆಯವರೂ ಬರುತ್ತಾರೆ. ಕುಂಡ ಇರಲಿ.

ಶಿವಮೊಗ್ಗದಿಂದ:
ಫಲಕ ಹೀಗೆ ಹೋಗುತ್ತದೆ: "ಹೂಗಳ್ಳಿಯನ್ನು ಬೇರೆ ಹೂಚಟ್ಟಿಗೆ ನೆಡುವುದು". ಹೂ ಸೇರಿದರೆ ಅಡುಗೆಯ ಗೊಂದಲ ಇರದು.

ತೀರ್ಥಹಳ್ಳಿಯಿಂದ:
ಅದರ ಕೆಳಗೇ ದಪ್ಪ ಅಕ್ಷರದಲ್ಲಿ: "ಹಾಲು ಕಣ್ಣಿಗೆ ತಾಗಿದರೆ ಉಜ್ಜಬೇಡಿ. ಶುದ್ಧ ನೀರಲ್ಲಿ ತುಂಬಾ ಹೊತ್ತು ತೊಳೆದು ಡಾಕ್ಟರಿಗೆ ತೋರಿಸಿ." ಇಲ್ಲಿ "ಕ್ಷೀರ" ಎಂದು ಬರೆಯಬೇಡಿ.