ಕರೆಂಟು ಹೋಗಿ ಬಂದರೆ ಕಾಟಾ ಪ್ರಿಂಟರ್ ಆಗುತ್ತದೆ: ಡಿವೈಸ್ ಫೈಲುಗಳನ್ನು ನೀವು ಹೇಗೆ ಕಟ್ಟಿದಿರಿ?

ಕೇಳಿದವರು, ಕಲಬುರಗಿ: ನಮ್ಮ ದಾಲ್ ಮಿಲ್ಲಿನ ಲಿನಕ್ಸ್ ಯಂತ್ರಕ್ಕೆ ತೂಕದ ಕಾಟಾ ಮತ್ತು ಲೇಬಲ್ ಪ್ರಿಂಟರ್ ಎರಡನ್ನೂ ಯುಎಸ್‌ಬಿ ಸೀರಿಯಲ್ ಕೇಬಲ್‌ನಿಂದ ಜೋಡಿಸಿದ್ದೇವೆ. ಪ್ರತಿ ಬೂಟಿಗೂ ಅವುಗಳ ಡಿವೈಸ್ ಫೈಲುಗಳಾದ (ಸಾಧನದೊಡನೆ ಮಾತಾಡಲು ಪ್ರೋಗ್ರಾಂ ತೆರೆಯುವ ಫೈಲುಗಳು) ಟಿಟಿವೈಯುಎಸ್‌ಬಿ0 ಮತ್ತು 1 ಅದಲುಬದಲಾಗುತ್ತವೆ. ಫೈಲುಗಳನ್ನು ಕೈಯಾರೆ ಸೃಷ್ಟಿಸಬೇಕೋ, ಸಾಧನ ಸಿಕ್ಕಾಗ ನಿಯಮದಂತೆ ಹೆಸರಿಡುವ ಯುಡೆವ್‌ಗೆ ಬಿಡಬೇಕೋ?

ಬೀದರ್: ಕೈಯಾರೆ ಸೃಷ್ಟಿಸಿ ಕೆಟ್ಟವನು ನಾನು. ಡಿವೈಸ್ ಫೈಲ್ ಮಾಡುವ ಎಂಕೆನಾಡ್ ಆದೇಶಕ್ಕೆ 188 (ಯುಎಸ್‌ಬಿ ಸೀರಿಯಲ್‌ನ ಮೇಜರ್ ಸಂಖ್ಯೆ), 0 (ಆ ಪೈಕಿ ಯಾವ ಸಾಧನ ಎಂಬ ಮೈನರ್ ಸಂಖ್ಯೆ) ಎಂದು ಕೊಟ್ಟು ‘ಕಾಟಾ’ ಎಂಬ ಫೈಲ್ ಮಾಡಿದೆ. ಈ ಫೈಲುಗಳ ಫೋಲ್ಡರಾದ ಡೆವ್ ಇರುವುದು ಮೆಮೊರಿಯಲ್ಲಾದ್ದರಿಂದ ಮರುದಿನ ಅದು ಮಾಯವಾಗಿತ್ತು. ಅದೇ ಸಾಲನ್ನು ಬೂಟ್ ಸ್ಕ್ರಿಪ್ಟಿಗೆ ಸೇರಿಸಿದ ಮೇಲೆ ಫೈಲೇನೋ ಉಳಿಯಿತು. ಆದರೆ ಲಿನಕ್ಸಿನ ತಿರುಳಾದ ಕರ್ನಲ್ ಮೈನರ್ ಸಂಖ್ಯೆ ಕೊಡುವುದು ಕೇಬಲ್ ತನ್ನ ಕಣ್ಣಿಗೆ ಬಿದ್ದ ಸರದಿಯಲ್ಲಿ. ಹೀಗಾಗಿ ಒಂದು ಬೆಳಿಗ್ಗೆ ತೂಕ ಕೇಳುವ ಆದೇಶವೆಲ್ಲ ಪ್ರಿಂಟರಿಗೆ ಹೋಗಿ, 640 ಲೇಬಲ್‌ಗಳ ಮೇಲೆ ಕಸ ಅಚ್ಚಾಯಿತು. ರೋಲಿಗೆ 380 ರೂಪಾಯಿ, ಇಬ್ಬರು ಹಮಾಲರ ಅರ್ಧ ದಿನದ ಕೂಲಿ ಬೇರೆ.

ಯಾದಗಿರಿ: ಯುಡೆವ್ ನಿಯಮ ಬರೆದಿದ್ದರೆ ಆ ರೋಲ್ ಉಳಿಯುತ್ತಿತ್ತು. ನಮ್ಮ ಜಿನ್ನಿಂಗ್ ಮಿಲ್ಲಿನ ಎರಡೂ ಕೇಬಲ್ ಸಿಎಚ್340 ಚಿಪ್ಪಿನವು. ಎರಡರ ಗುರುತೂ 1ಎ86:7523, ಸರಣಿ ಸಂಖ್ಯೆ ಇಲ್ಲವೇ ಇಲ್ಲ. ಆದ್ದರಿಂದ ಕೇಬಲ್ ಬಿಟ್ಟು, ಅದನ್ನು ಚುಚ್ಚಿದ ಪೋರ್ಟನ್ನೇ ಹಿಡಿದು ನಿಯಮ ಬರೆದೆ, ಸಿಮ್‌ಲಿಂಕ್ (ಅಸಲಿ ಫೈಲಿನತ್ತ ಕೈ ತೋರುವ ಇನ್ನೊಂದು ಹೆಸರು) ಕೊಟ್ಟೆ. ಎಂಟು ತಿಂಗಳು ತಕರಾರಿರಲಿಲ್ಲ. ಆಮೇಲೆ ಹತ್ತಿಯ ಧೂಳು ಒರೆಸಲು ಹುಡುಗ ಎರಡೂ ಕೇಬಲ್ ಕಿತ್ತು ಅದಲುಬದಲಾಗಿ ಚುಚ್ಚಿದ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣವನ್ನು ಅಂದೇ ಒಂದು ಪೋರ್ಟಿಗೂ ಅದರ ಕೇಬಲ್ಲಿಗೂ ಬಳಿದೆ.

ಬೀದರ್: ಹಾಗಾದರೆ ಕೆಲಸ ಮಾಡಿದ್ದು ಬಣ್ಣ, ಯುಡೆವ್ ಅಲ್ಲ. ನಾನು 1,900 ರೂಪಾಯಿ ಕೊಟ್ಟು ಸರಣಿ ಸಂಖ್ಯೆಯಿರುವ ಎರಡು ಕೇಬಲ್ ತಂದೆ. ಈಗ ಡೆವ್ ಒಳಗಿನ ಸೀರಿಯಲ್ ಬೈ-ಐಡಿ ಫೋಲ್ಡರಿನಲ್ಲಿ ಸರಣಿ ಸಂಖ್ಯೆ ಹೊತ್ತ ಹೆಸರು ತಾನಾಗಿಯೇ ಮೂಡುತ್ತದೆ, ನಿಯಮ ಬರೆಯುವ ಉಸಾಬರಿಯೇ ಇಲ್ಲ.

ಯಾದಗಿರಿ: ಬೈ-ಐಡಿ ಹೆಸರನ್ನು ಮೂಡಿಸುವುದೂ ಯುಡೆವ್ ನಿಯಮವೇ. ಬೇರೆಯವರು ಬರೆದಿಟ್ಟಿದ್ದಾರೆ, ನೀವು ಉಣ್ಣುತ್ತಿದ್ದೀರಿ.

ಕಲಬುರಗಿ, ಇನ್ನೊಬ್ಬರು: 2012ರಲ್ಲಿ ಯುಡೆವ್, ಬೂಟನ್ನೂ ಸೇವೆಗಳನ್ನೂ ನಡೆಸುವ ಸಿಸ್ಟಮ್‌ಡಿಯ ಹೊಟ್ಟೆ ಸೇರಿದಾಗಲೇ ನಾನು ಅದರ ಸಹವಾಸ ಬಿಟ್ಟೆ. 256 ಎಂಬಿ ಮೆಮೊರಿಯ ನನ್ನ ಹಳೆಯ ಪೆಟ್ಟಿಗೆಯಲ್ಲಿ ಬ್ಯುಸಿಬಾಕ್ಸ್ ಎಂಬ ಪುಟ್ಟ ಆದೇಶಗಳ ಗಂಟಿನಲ್ಲಿರುವ ಎಂಡೆವ್ ಬೂಟಿನಲ್ಲಿ ಒಮ್ಮೆ, ಕರ್ನಲ್ ಸಾಧನಗಳ ಪಟ್ಟಿ ತೋರುವ ಸಿಸ್ ಫೋಲ್ಡರ್ ಜಾಲಾಡಿ ಫೈಲುಗಳನ್ನೆಲ್ಲ ಸೃಷ್ಟಿಸಿಬಿಡುತ್ತದೆ.

ಯಾದಗಿರಿ: ಸೃಷ್ಟಿಗೆ ಎಂಡೆವ್ ಏಕೆ ಬೇಕು? 2009ರ 2.6.32 ಆವೃತ್ತಿಯಿಂದ ಡೆವ್‌ಟಿಎಂಪಿಎಫ್‌ಎಸ್ (ಕರ್ನಲ್ ತಾನೇ ಮೆಮೊರಿಯಲ್ಲಿ ತುಂಬುವ ಡೆವ್) ಮೂಲಕ ಕರ್ನಲ್ಲೇ ಅದನ್ನು ಮಾಡುತ್ತಿದೆ. ಇಲ್ಲಿ ಕೇಳಿದ್ದು ಹೆಸರಿನ ಮಾತು.

ಕಲಬುರಗಿ, ಇನ್ನೊಬ್ಬರು: ನನ್ನ ಪೆಟ್ಟಿಗೆಯ ಕರ್ನಲ್ 2.6.24. ಬದಲಿಸುವ ಖರ್ಚು ನೀವು ಕೊಡುತ್ತೀರಾ?

ಬೀದರ್: ಮೊದಲು ಇವರ ಎತ್ತಿನ ಬಣ್ಣದ ಖರ್ಚು ಎಷ್ಟೆಂದು ಕೇಳಿ.