ಎರಡನೇ ಭಾಷೆ ಕಲಿಕೆಯ ಸಂಶೋಧನಾ ವಿಧಾನ: ವರ್ಕ್‌ಶಾಪಿಗೆ ಹೋಗಲಾ, ಮನೆಯಲ್ಲೇ ಕಲಿಯಲಾ?

ಸುರತ್ಕಲ್ ಟೀಚರ್: ಎಂಟನೇ ಕ್ಲಾಸಿನ ಮಕ್ಕಳು ಇಂಗ್ಲಿಷಿನ ‘ಎ’, ‘ದಿ’ ಹೇಗೆ ಕಲಿಯುತ್ತಾರೆ ಅಂತ ಪಿಎಚ್‌ಡಿಗೆ ನೋಡಬೇಕು. ವಿಧಾನ ಕಲಿಯಲು ಆರು ತಿಂಗಳು ಉಂಟು. ಅನುಭವ ಇದ್ದವರು ಹೇಳಿ.

ಮಳೆರಜೆ: ಐದು ದಿನದ ವರ್ಕ್‌ಶಾಪಿಗೆ 6,500 ಕೊಟ್ಟೆ. ಪೈಲಟ್, ಅಂದರೆ ಮೊದಲು ಕೆಲವೇ ಮಕ್ಕಳ ಮೇಲೆ ಪರೀಕ್ಷೆಯನ್ನು ಪ್ರಯೋಗಿಸಿ ನೋಡುವುದು, ಮಾಡಿ ಅಂದಿದ್ದರು, ನಾನು ಮಾಡಲಿಲ್ಲ. 42 ಮಕ್ಕಳು, ವಾಕ್ಯ ಸರಿಯೋ ತಪ್ಪೋ ಗುರುತಿಸುವ ನಾಲ್ಕು ಪುಟ, ಮೂರು ಸುತ್ತು. ಜೆರಾಕ್ಸಿಗೇ 756 ರೂಪಾಯಿ. ಕೊನೆಯ ಸುತ್ತು ಜುಲೈಗೆ ಇಟ್ಟೆ. ಮಳೆಗೆ ರಜೆ, ಮತ್ತೆ ರಜೆ. ಆರು ವಾರದ ಅಂತರ ಎಂಟೂವರೆ ಆಯಿತು, ಬಂದವರು 27. ಅದೂ ಹೋಗಲಿ, ಮೊದಲ ಸುತ್ತಲ್ಲೇ ಹೆಚ್ಚಿನವರಿಗೆ 90ರ ಮೇಲೆ ಅಂಕ. ಆಮೇಲೆ ಕಲಿತದ್ದನ್ನು ಎಲ್ಲಿಂದ ತೋರಿಸುವುದು?

ಮಣಿಪಾಲದಿಂದ: ಪೈಲಟ್ ಬಿಟ್ಟು ಮಳೆಯನ್ನು ಬೈದರೆ ಎಂತ ಪ್ರಯೋಜನ ಮಾರಾಯ್ರೆ? ನನಗೆ ಒಂದು ಪೈಸೆ ಖರ್ಚಿಲ್ಲ. ಲೆಕ್ಕ ಹಾಕುವ ಸಾಫ್ಟ್‌ವೇರ್ ಆರ್ ಫ್ರೀ, ಧ್ವನಿ ಅಳೆಯುವ ಪ್ರಾಟ್ ಫ್ರೀ. ಏಳು ತಿಂಗಳು ಮಾತ್ರ ಹೋಯಿತು. ಒಂದೇ ಮಗು ಕೊಟ್ಟ 40 ಉತ್ತರ ಅಂದರೆ 40 ಮಕ್ಕಳ ಉತ್ತರ ಅಲ್ಲ, ಅದಕ್ಕೇ ಮಗುವಿನಿಂದ ಮಗುವಿಗೆ ಇರುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸೆಡ್ ಮಾಡೆಲ್ ಬೇಕು ಅಂತ ತಲೆಗೆ ಹೋಗಲು ಅಷ್ಟು ದಿನ.

ಕುಂದಾಪ್ರದವ: ಲೆಕ್ಕದವರಿಗೆ ಮಕ್ಕಳ ಮಾತು ಕೇಳಿಸುವುದೇ ಇಲ್ಲ. ಆ ಸರಿ-ತಪ್ಪು ಪುಟಗಳಿಗೆ ಟೈಮ್ ಮಿತಿ ಇಲ್ಲದಿದ್ದರೆ ಮಕ್ಕಳು ವ್ಯಾಕರಣದ ನಿಯಮ ನೆನಪಿಸಿಕೊಂಡು ಟಿಕ್ ಹಾಕುತ್ತಾರೆ. ನಾನು 11 ಮಕ್ಕಳಿಗೆ ಅಕ್ಷರವಿಲ್ಲದ ಚಿತ್ರಪುಸ್ತಕ ಕೊಟ್ಟು ಕಥೆ ಹೇಳಿಸಿದೆ. ಒಂದು ಗಂಟೆ ಆಡಿಯೋ ಬರೆದುಕೊಳ್ಳಲು ಒಂಬತ್ತು ಗಂಟೆ. ಎರಡು ಫೈಲಲ್ಲಿ ಬರೀ ಫ್ಯಾನಿನ ಸದ್ದು. ಆದರೆ ಕಾಗದದ ಮೇಲೆ ‘ದಿ’ ಎಲ್ಲ ಸರಿ ಮಾಡಿದ್ದ ಹುಡುಗ ಬಾಯಲ್ಲಿ ಒಮ್ಮೆಯೂ ‘ದಿ’ ಹೇಳಲಿಲ್ಲ!

ಮಳೆರಜೆ: 11 ಮಕ್ಕಳಾ? ಅದಕ್ಕೆ ಪಿಎಚ್‌ಡಿ ಕೊಡ್ತಾರಾ?

ಕುಂದಾಪ್ರದವ: ಕೊಟ್ಟಾಗಿದೆ. ನಿಮ್ಮದು ಎಲ್ಲಿಗೆ ಬಂತು?

ತುಳುವೆ: ಜಗಳ ಸಾಕು. ಎಲ್ಲರೂ ‘ಎರಡನೇ ಭಾಷೆ’ ಅಂತೀರಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮೂರನೆಯದ್ದಲ್ವಾ? ಬ್ಯಾರಿ, ಕೊಂಕಣಿ ಮನೆಯವರಿಗೆ ನಾಲ್ಕನೆಯದ್ದೂ ಆಗಬಹುದು. ನನ್ನ ಫಾರ್ಮಲ್ಲಿ ಮಾತೃಭಾಷೆಗೆ ಒಂದೇ ಕಾಲಂ. 60ರಲ್ಲಿ 19 ಮಕ್ಕಳು ಎರಡೆರಡು ಬರೆದರು. ವೈವಾದಲ್ಲಿ ಅದನ್ನೇ ಹಿಡಿದು ಮುಕ್ಕಾಲು ಗಂಟೆ ಜಾಡಿಸಿದರು. ಫಾರ್ಮ್ ಪುನಃ ತುಂಬಿಸಲು ಮೂರು ಶಾಲೆ ಅಲೆದೆ.

ಕುಂದಾಪ್ರದವ: ಕುಂದಾಪ್ರ ಕನ್ನಡದ ಮಕ್ಕಳನ್ನು ಯಾವ ಕಾಲಮಲ್ಲಿ ಹಾಕಿದಿರಿ?

ತುಳುವೆ: ಕನ್ನಡದಲ್ಲೇ. ಮತ್ತೆಲ್ಲಿ?

ಕುಂದಾಪ್ರದವ: ಹಾಂ, ಇದೇ ತಪ್ಪು. ಮನೆಯ ಮಾತು ಬೇರೆ, ಪಠ್ಯದ ಕನ್ನಡ ಬೇರೆ.

ಸುರತ್ಕಲ್ ಟೀಚರ್: ಪೈಲಟ್‌ಗೆ ಎಷ್ಟು ಮಕ್ಕಳು ಬೇಕು?

ಕುಂದಾಪ್ರದವ: ತಡೀರಿ ಟೀಚರ್, ಮೊದಲು ಇವರು ಉತ್ತರ ಕೊಡಲಿ.